ಕಿಮೋ ನಂತರ ಮನೆಯಲ್ಲಿ: ಸಹನೆಯೆಂದರೆ ಮುಚ್ಚಿಡುವುದಲ್ಲ

ಕಿಮೋ ಹಾಕಿಸಿಕೊಂಡು ಬರುವುದು ಹೆಚ್ಚಾಗಿ ಒಂದು ದಿನದ ಕೆಲಸ. ಆ ಬಳಿಕದ ಎರಡು ಮೂರು ವಾರ ರೋಗಿ ಇರುವುದು ನಮ್ಮ ಮನೆಯಲ್ಲಿ. ವಾಂತಿ, ಬಾಯಿಹುಣ್ಣು, ಸುಸ್ತು, ಜ್ವರ ಬರುವುದೂ ಆಗಲೇ. ನಮ್ಮ ಉಮ್ಮಂದಿರು ಇದನ್ನೆಲ್ಲ ಯಾರಿಗೂ ಹೇಳುವುದಿಲ್ಲ. 'ಸಬರ್ ಮಾಡ್ಬೇಕು, ಮಕ್ಕಳಿಗೆ ಯಾಕೆ ತೊಂದರೆ' ಎಂದು ಸುಮ್ಮನಾಗುತ್ತಾರೆ. ನೋವು ತಾಳಿಕೊಳ್ಳುವುದು ಸಹನೆ ಹೌದು, ವೈದ್ಯರಿಂದ ಮುಚ್ಚಿಡುವುದು ಸಹನೆಯಲ್ಲ. ಈ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮದ್ದು ಇದೆ, ಆದರೆ ಹೇಳಿದರೆ ತಾನೆ ಸಿಗುವುದು?

ಜ್ವರ ಬಂದರೆ ಕಾಯಬೇಡಿ

ಕಿಮೋ ಮದ್ದು ರಕ್ತದ ಬಿಳಿ ಕಣಗಳನ್ನೂ ತಗ್ಗಿಸುತ್ತದೆ. ಸಾಮಾನ್ಯವಾಗಿ 7ರಿಂದ 14ನೇ ದಿನದ ನಡುವೆ ಅವು ತೀರಾ ಕಡಿಮೆಯಾಗಿರುತ್ತವೆ. ಆಗ ಸಣ್ಣ ಸೋಂಕೂ ಜೀವಕ್ಕೆ ಅಪಾಯ ತರಬಹುದು. ಮನೆಯಲ್ಲೊಂದು ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ತೋರಿಸಿದರೆ, ಚಳಿ ನಡುಕ ಬಂದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. 'ಈಗ ಒಂದು ಪ್ಯಾರಸಿಟಮಾಲ್ ಕೊಡುವಾ, ಬೆಳಿಗ್ಗೆ ನೋಡುವಾ' ಅನ್ನಬೇಡಿ. ಗುಳಿಗೆಯಿಂದ ಜ್ವರ ಇಳಿಯುತ್ತದೆ, ಸೋಂಕು ಒಳಗೇ ಉಳಿಯುತ್ತದೆ.

ರೋಗಿಯನ್ನು ನೋಡಲು ಹೋಗುವುದು ನಮ್ಮಲ್ಲಿ ಸುನ್ನತ್. ಆದರೆ ಈ ದಿನಗಳಲ್ಲಿ ಶೀತ, ಕೆಮ್ಮು ಇರುವವರು ಫೋನಿನಲ್ಲೇ ವಿಚಾರಿಸಿ ದುಆ ಮಾಡಿದರೆ ಸಾಕು. ಬಂದವರು ಕೈ ತೊಳೆದು ಒಳಗೆ ಹೋಗಲಿ. ಈ ಮಾತನ್ನು ರೋಗಿಯ ಬಾಯಿಯಿಂದ ಹೇಳಿಸಬಾರದು, ಮನೆಯವರೇ ಹೇಳಬೇಕು.

ಊಟ ಸೇರದಿದ್ದರೆ

ವಾಂತಿಯ ಗುಳಿಗೆಯನ್ನು ವಾಂತಿ ಶುರುವಾದ ಮೇಲೆ ಹುಡುಕುವುದಲ್ಲ, ವೈದ್ಯರು ಬರೆದ ಹೊತ್ತಿಗೇ ಕೊಡಬೇಕು. ಮೀನು ಹುರಿಯುವಾಗ, ಬಿರಿಯಾನಿಗೆ ಒಗ್ಗರಣೆ ಹಾಕುವಾಗ ರೋಗಿಯ ಕೋಣೆಯ ಬಾಗಿಲು ಮುಚ್ಚಿರಲಿ. ಬಿಸಿ ಊಟಕ್ಕಿಂತ ತುಸು ಆರಿದ್ದಕ್ಕೆ ವಾಸನೆ ಕಡಿಮೆ. ಮೂರು ಹೊತ್ತಿನ ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ: ಗಂಜಿ, ನೀರುದೋಸೆ, ಮುಳ್ಳು ತೆಗೆದ ಮೀನು, ಗಟ್ಟಿಯಾಗಿ ಬೇಯಿಸಿದ ಮೊಟ್ಟೆ. ಬರೀ ಗಂಜಿಯಿಂದ ಶಕ್ತಿ ಬಾರದು. ಬಾಯಲ್ಲಿ ಲೋಹದ ರುಚಿ ಎನ್ನುವವರಿಗೆ ಸ್ಟೀಲ್ ಬಿಟ್ಟು ಪ್ಲಾಸ್ಟಿಕ್ ಚಮಚ ಕೊಟ್ಟು ನೋಡಿ.

ಬಾಯಿಹುಣ್ಣಿದ್ದರೆ ಖಾರ, ಹುಳಿ, ಉಪ್ಪಿನಕಾಯಿ ದೂರವಿಡಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ. ಹಲ್ಲುಜ್ಜಲು ಮೃದು ಬ್ರಶ್ ಇರಲಿ. ನೀರೂ ಇಳಿಯದಿದ್ದರೆ, ಭೇದಿ ನಿಲ್ಲದಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿ.

ಕರಿಜೀರಿಗೆ ಎಣ್ಣೆ, ಹಳ್ಳಿಮದ್ದು ಯಾವುದೇ ಇರಲಿ, ವೈದ್ಯರನ್ನು ಕೇಳದೆ ಬೇಡ. ಕೆಲವು ಮದ್ದುಗಳು ಕಿಮೋ ಜೊತೆ ಹೊಂದುವುದಿಲ್ಲ. ರಂಝಾನ್ ಬಂದರೆ ಉಪವಾಸದ ಬಗ್ಗೆಯೂ ಕೇಳಿ. ಕಾಯಿಲೆಯವರಿಗೆ ದೀನಿನಲ್ಲೇ ರಿಯಾಯಿತಿ ಇದೆ.

ಕೂದಲು, ಸುಸ್ತು

ಎಲ್ಲ ಕಿಮೋದಿಂದಲೂ ಕೂದಲು ಉದುರುವುದಿಲ್ಲ. ಉದುರುವುದಿದ್ದರೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಶುರುವಾಗುತ್ತದೆ, ಚಿಕಿತ್ಸೆ ಮುಗಿದ ಮೇಲೆ ಹೆಚ್ಚಿನವರಿಗೆ ಮತ್ತೆ ಬರುತ್ತದೆ. ಮೊದಲೇ ಗಿಡ್ಡ ಮಾಡಿಸಿದರೆ ಸಂಕಟ ಕಡಿಮೆ. ತಲೆಗೆ ಮೆತ್ತನೆಯ ಹತ್ತಿ ಬಟ್ಟೆ ಹಿತ. ಸುಸ್ತೆಂದು ದಿನವಿಡೀ ಮಲಗಿದರೆ ಸುಸ್ತು ಹೆಚ್ಚುತ್ತದೆ. ಅಂಗಳದಲ್ಲಿ ಹತ್ತು ನಿಮಿಷ ನಡೆದರೂ ಒಳ್ಳೆಯದು.

ಕೊನೆಗೊಂದು ಸುಲಭದ ಕೆಲಸ: ಮನೆಯಲ್ಲಿ ಒಂದು ನೋಟ್‌ಪುಸ್ತಕ ಇಡಿ. ಯಾವ ದಿನ ಜ್ವರ ಎಷ್ಟಿತ್ತು, ಎಷ್ಟು ಸಲ ವಾಂತಿಯಾಯಿತು, ಏನು ತಿಂದರು ಎಂದು ಮಕ್ಕಳೇ ಬರೆಯಲಿ. ಮುಂದಿನ ಸಲ ಡಾಕ್ಟರ್ ಮುಂದೆ ಉಮ್ಮ 'ಏನಿಲ್ಲ, ಹುಷಾರಿದ್ದೇನೆ' ಅಂದರೂ ಪುಸ್ತಕ ನಿಜ ಹೇಳುತ್ತದೆ.