ಮಲ್ಲೇಶ್ವರದ ಸರಾಸರಿ ಕುಟುಂಬ

“ಮಲ್ಲೇಶ್ವರದವರೆಲ್ಲ ಈಗ ಭಾರೀ ದುಡ್ಡಿನವರಾಗಿಬಿಟ್ಟಿದ್ದಾರೆ ಬಿಡಿ.” ಬೆಂಗಳೂರಿನ ಯಾವ ಮದುವೆಮನೆಯ ಪಂಕ್ತಿಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಸಂಪಿಗೆ ರಸ್ತೆಯ ಮಾಲು, 2014ರಲ್ಲಿ ಬಂದ ಮೆಟ್ರೋ, ಅಡ್ಡರಸ್ತೆಗಳಲ್ಲಿ ಸಾಲುಗಟ್ಟಿದ ಕಾರುಗಳು ಸಾಕ್ಷಿಯಾಗುತ್ತವೆ. ಅದೂ ಸಾಲದಿದ್ದರೆ ಫೋನ್ ತೆಗೆದು, ಏರಿಯಾದ ಸರಾಸರಿ ಕುಟುಂಬದ ಆದಾಯ ಇಷ್ಟು ಪಟ್ಟು ಏರಿದೆ ಎನ್ನುವ ಫಾರ್ವರ್ಡ್ ತೋರಿಸುತ್ತಾರೆ.

ಏರಿರಬಹುದು. ಆದರೆ ಏರಿದ್ದು ಯಾರ ಆದಾಯ?

ಒಂದು ವಠಾರವನ್ನು ಊಹಿಸಿಕೊಳ್ಳಿ. ಮುಂದುಗಡೆ ಮಾಲೀಕರ ಮನೆ, ಹಿಂದೆ ಸಾಲಾಗಿ ಆರು ಬಾಡಿಗೆ ಮನೆ, ನಡುವೆ ಒಗೆಯುವ ಕಲ್ಲು, ಎಲ್ಲರಿಗೂ ಸೇರಿ ಒಂದು ಸಂಪು. ಬಾಡಿಗೆಯವರಲ್ಲಿ ಆಟೋ ಓಡಿಸುವವರು, ಬಟ್ಟೆ ಅಂಗಡಿಯಲ್ಲಿ ನಿಲ್ಲುವವರು, ಅಡುಗೆ ಕಂಟ್ರಾಕ್ಟಿಗೆ ಹೋಗುವವರು. ಒಂದೊಂದು ಮನೆಗೂ ತಿಂಗಳಿಗೆ 25 ಸಾವಿರ ಎಂದಿಟ್ಟುಕೊಳ್ಳೋಣ. ಬಾಡಿಗೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮಾಲೀಕರಿಗೆ 40 ಸಾವಿರ ಪೆನ್ಷನ್ನು. ಏಳು ಮನೆಯ ಸರಾಸರಿ ಸುಮಾರು 27 ಸಾವಿರ.

ಮಾಲೀಕರು ಜಾಗವನ್ನು ಬಿಲ್ಡರ್‌ಗೆ ಕೊಟ್ಟರು. ವಠಾರ ಒಡೆದು ನಾಲ್ಕು ಫ್ಲ್ಯಾಟ್ ಎದ್ದವು. ಒಂದರಲ್ಲಿ ಮಾಲೀಕರು ಅದೇ ಪೆನ್ಷನ್ನಿನ ಮೇಲೆ ಇದ್ದಾರೆ. ಉಳಿದ ಮೂರಕ್ಕೆ ತಿಂಗಳಿಗೆ 3 ಲಕ್ಷ ಎಣಿಸುವ ಕುಟುಂಬಗಳು ಬಂದವು. ಈಗ ಸರಾಸರಿ 2 ಲಕ್ಷದ 35 ಸಾವಿರ, ಅಂದರೆ ಎಂಟೂವರೆ ಪಟ್ಟಿಗೂ ಹೆಚ್ಚು! ಒಬ್ಬರ ಸಂಬಳವೂ ಒಂದು ರೂಪಾಯಿ ಏರಿಲ್ಲ. ಆರು ಮನೆಯವರು ದಾಸರಹಳ್ಳಿಗೋ ನೆಲಮಂಗಲದ ಕಡೆಗೋ ಗಂಟುಮೂಟೆ ಕಟ್ಟಿದ್ದಾರೆ, ಅಷ್ಟೆ. ಲೆಕ್ಕ ಬಲ್ಲವರು ಕೆಲವರು ‘ಸರಾಸರಿ ಬೇಡ, ಮಧ್ಯಾಂಕ, ಅಂದರೆ ಸಾಲಿನ ನಟ್ಟನಡುವಿನ ಮನೆಯ ಆದಾಯ ತಗೊಳ್ಳಿ’ ಎನ್ನುತ್ತಾರೆ. ಅದೂ 25 ಸಾವಿರದಿಂದ 3 ಲಕ್ಷಕ್ಕೆ ಹಾರಿರುತ್ತದೆ. ಎಣಿಸಿದ ಜನರೇ ಬೇರೆಯಾದ ಮೇಲೆ ಯಾವ ಅಂಕ ಹಿಡಿದು ಏನು ಪ್ರಯೋಜನ?

ಎಸ್ಸೆಸ್ಸೆಲ್ಸಿಗೆ ಮುಂಚೆ ಓದಿನಲ್ಲಿ ಹಿಂದಿರುವ ಮಕ್ಕಳ ಕೈಗೆ ಟಿ.ಸಿ. ಕೊಟ್ಟು, ಆಮೇಲೆ ಗೇಟಿಗೆ ಶೇ. 100 ಫಲಿತಾಂಶದ ಬ್ಯಾನರ್ ಕಟ್ಟುವ ಶಾಲೆಗಳನ್ನು ಕಂಡವರು ನಾವು. ಅಲ್ಲಿ ಮೋಸ ಚೆನ್ನಾಗಿ ಅರ್ಥವಾಗುತ್ತದೆ. ಬಡಾವಣೆಯ ವಿಷಯ ಬಂದರೆ ಮಾತ್ರ ಬ್ಯಾನರ್ ನೋಡಿ ಚಪ್ಪಾಳೆ ತಟ್ಟುತ್ತೇವೆ. ಮಲ್ಲೇಶ್ವರದ ಪಕ್ಕದಲ್ಲೇ ಓರಿಯನ್ ಮಾಲ್, ವರ್ಲ್ಡ್ ಟ್ರೇಡ್ ಸೆಂಟರ್ ನಿಂತ ಜಾಗದಲ್ಲಿ ಹಿಂದೆ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆ ಇತ್ತು. ಅಲ್ಲಿ ಪಾಳಿ ಮುಗಿಸಿ ಹೊರಬರುತ್ತಿದ್ದ ಕೆಲಸಗಾರರೇ ಬಡ್ತಿ ಪಡೆದು ಇಂದಿನ ಟವರ್‌ಗಳ ಫ್ಲ್ಯಾಟ್ ಸೇರಿದರೆಂದು ಯಾರಾದರೂ ನಂಬುತ್ತಾರೆಯೇ?

ಎಂಟನೇ ಅಡ್ಡರಸ್ತೆಯಲ್ಲಿ ಮೊಳದ ಲೆಕ್ಕದಲ್ಲಿ ಹೂವು ಮಾರುವಾಕೆ ಬೆಳಗಿನಿಂದ ರಾತ್ರಿವರೆಗೆ ಮಲ್ಲೇಶ್ವರದಲ್ಲೇ ಇದ್ದರೂ ಮಲ್ಲೇಶ್ವರದ ಲೆಕ್ಕಕ್ಕೆ ಸೇರುವುದಿಲ್ಲ. ಗಣತಿಯವರು ಮನೆ ಇರುವ ಕಡೆ ಎಣಿಸುತ್ತಾರೆ, ಆಕೆಯ ಮನೆ ಊರಾಚೆ.

ಇನ್ನು ಕೋಟಿ ಬಾಳುವ ಮನೆಯಲ್ಲಿರುವವರೆಲ್ಲ ಕೋಟ್ಯಧಿಪತಿಗಳು ಎಂಬ ಮಾತು. ಮಕ್ಕಳು ಸಿಯಾಟಲ್‌ನಲ್ಲಿ, ಅಪ್ಪ ಅಮ್ಮ ಇಲ್ಲಿ ಠೇವಣಿಯ ಬಡ್ಡಿ ಇಳಿಯಿತೆಂದು ಔಷಧಿ ಖರ್ಚಿಗೂ ಕೈ ಬಿಗಿಹಿಡಿಯುತ್ತಾ ಇರುವ ಮನೆಗಳು ಬೇಕಾದಷ್ಟಿವೆ. ಸೈಟಿನ ಬೆಲೆ ಮಾರಿದ ದಿನ ಮಾತ್ರ ಆದಾಯ. ಹೊರರಾಜ್ಯದವರೇ ಬಂದು ತುಂಬಿಕೊಂಡರು ಎಂಬ ಗೋಳಿಗೆ ಒಂದೇ ಸಾಲು ಸಾಕು: 2011ರ ಜನಗಣತಿಯ ಪ್ರಕಾರ ಬೆಂಗಳೂರಿಗೆ ವಲಸೆ ಬಂದವರಲ್ಲಿ ಕರ್ನಾಟಕದೊಳಗಿನವರೇ ಹೆಚ್ಚು.

ಅದಿರಲಿ, ಆ ಫಾರ್ವರ್ಡಿನ ಸಂಖ್ಯೆ ಬಂದದ್ದಾದರೂ ಎಲ್ಲಿಂದ? ನಮ್ಮ ಜನಗಣತಿ ಮನೆಯ ಆದಾಯವನ್ನು ಕೇಳುವುದೇ ಇಲ್ಲ. 2011ರಲ್ಲಿ ಟಿ.ವಿ. ಇದೆಯೇ, ಸ್ಕೂಟರ್ ಇದೆಯೇ, ಬ್ಯಾಂಕ್ ಖಾತೆ ಇದೆಯೇ ಎಂದು ಕೇಳಿದರು. ಸಂಬಳ ಎಷ್ಟು ಎನ್ನಲಿಲ್ಲ. 2021ರಲ್ಲಿ ಆಗಬೇಕಿದ್ದ ಗಣತಿ ಆಗ ನಡೆಯಲೇ ಇಲ್ಲ. ಉಳಿದದ್ದು ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ. ಅದು ವರ್ಷಕ್ಕೆ 6 ಲಕ್ಷ ದಾಟಿದೆ ನಿಜ. ಆದರೆ ಅದು ಇಡೀ ಜಿಲ್ಲೆಯ ಉತ್ಪನ್ನವನ್ನು ಜನಸಂಖ್ಯೆಯಿಂದ ಭಾಗಿಸಿದ ಮೊತ್ತ, ಅದರಲ್ಲಿ ಕಂಪನಿಗಳ ಲಾಭವೂ ಸೇರಿದೆ. ಅದನ್ನು ನಾಲ್ಕರಿಂದ ಗುಣಿಸಿ ‘ಕುಟುಂಬಕ್ಕೆ 24 ಲಕ್ಷ’ ಎಂದುಬಿಟ್ಟರೆ ಫ್ಲ್ಯಾಟ್ ಮಾರುವವರಿಗೆ ಕರಪತ್ರ ತಯಾರು.

ತರಕಾರಿಯವನ ತಕ್ಕಡಿಯನ್ನು ಎರಡು ಸಲ ನೋಡುವ ಜನ ಅಂಕಿ ಕಂಡ ಕೂಡಲೇ ಯಾಕಿಷ್ಟು ಸಾಧುಗಳಾಗುತ್ತಾರೋ. ದಶಮಾಂಶದ ಚುಕ್ಕಿ ಇದ್ದುಬಿಟ್ಟರಂತೂ ಕೇಳುವುದೇ ಬೇಡ, ಮುಗಿದೇ ಹೋಯಿತು. ಅಂಕಿಯನ್ನೇ ನಂಬುವುದಾದರೆ ಇದನ್ನೂ ನೋಡಿ: 2001ರಲ್ಲಿ 65 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 2011ಕ್ಕೆ 96 ಲಕ್ಷವಾಯಿತು. ಇಷ್ಟು ಜನ ಬಂದು ಸೇರಿದ ಊರಿನಲ್ಲಿ ‘ಇಲ್ಲಿನವರು’ ಎಂಬ ಗುಂಪು ಹತ್ತು ವರ್ಷ ಅದೇ ಗುಂಪಾಗಿ ಉಳಿದಿರುತ್ತದೆಯೇ ಎಂದು ಯೋಚಿಸಲು ಪದವಿ ಬೇಕಿಲ್ಲ.

ಮುಂದಿನ ಸಲ ಅಂಥ ಮೆಸೇಜು ಬಂದರೆ ಕಳಿಸಿದವರನ್ನು ಕೇಳಿ: ಹತ್ತು ವರ್ಷದ ಹಿಂದೆ ಎಣಿಸಿದ ಮನೆಗಳನ್ನೇ ಈಗಲೂ ಎಣಿಸಿದ್ದಾರಾ? ಎಣಿಸಿದವರು ಯಾರು? ಉತ್ತರ ಬರದಿದ್ದರೆ ದಯವಿಟ್ಟು ಅದನ್ನು ನನಗೂ ಕಳಿಸಬೇಡಿ, ಫ್ಯಾಮಿಲಿ ಗ್ರೂಪಿಗೂ ಹಾಕಬೇಡಿ.