ಬಾಡಿಗೆ ಮನೆ ನಂಬಿ ನೌಕರಿ ಬಿಡುವ ಮುನ್ನ

ಕಾಪುವಿನ ಕಡೆಯಲ್ಲೋ ಕಾರ್ಕಳದ ಕಡೆಯಲ್ಲೋ ನಿಮಗೆ ಒಂದಿಷ್ಟು ಗದ್ದೆ, ಅಂಚಿನಲ್ಲಿ ತೆಂಗು, ಸ್ವಲ್ಪ ಅಡಿಕೆ ಇದೆ ಎಂದಿಟ್ಟುಕೊಳ್ಳೋಣ. ಮಗ ಬ್ಯಾಂಕಿನಲ್ಲೋ ಕಂಪೆನಿಯಲ್ಲೋ ನೌಕರಿಯಲ್ಲಿದ್ದಾನೆ. ಚೌತಿಗೆ ಊರಿಗೆ ಬಂದವನು ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಮಾತು ತೆಗೆಯುತ್ತಾನೆ: “ಅಪ್ಪ, ಕೆಳಗಿನ ಬೈಲು ಗದ್ದೆ ಮಾರುವ. ಮಣಿಪಾಲದಲ್ಲಿ ಮೂರು ನಾಲ್ಕು ಬಾಡಿಗೆ ಮನೆ ಮಾಡಿದರೆ ತಿಂಗಳು ತಿಂಗಳು ಹಣ ಬರುತ್ತದೆ. ನಾನು ಕೆಲಸ ಬಿಟ್ಟು ಊರಿಗೇ ಬರುತ್ತೇನೆ.”

ಮಗ ಊರಿಗೆ ಬರುತ್ತಾನೆಂದರೆ ಬೇಡವೆನ್ನುವ ತಂದೆ ಯಾರು? ಗದ್ದೆಯೂ ಈಗ ನಷ್ಟದ ಬಾಬು ಎಂದು ನೀವೇ ಹೇಳುತ್ತಿದ್ದೀರಿ. ಉಳಲು ಜನವಿಲ್ಲ, ಕೊಯ್ಯಲು ಯಂತ್ರ ಸಿಕ್ಕಿದ ದಿನ ಮಳೆ. 2020ರಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿಯಾದ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದಾದ್ದರಿಂದ ಗಿರಾಕಿಗಳೂ ಮನೆ ಬಾಗಿಲಿಗೇ ಬರುತ್ತಾರೆ. ಆದರೆ ಮಾರಿದ ಗದ್ದೆ ಅದೇ ಬೆಲೆಗೆ ತಿರುಗಿ ಸಿಗುವುದಿಲ್ಲ, ಬಿಟ್ಟ ನೌಕರಿಯೂ ಹಾಗೆಯೇ. ಎರಡನ್ನೂ ಒಂದೇ ವರ್ಷ ಕೈಬಿಡುವ ಮೊದಲು ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕುವುದು ಒಳ್ಳೆಯದು.

ಗೇಣಿಯ ನೆನಪು

ಇನ್ನೊಬ್ಬರು ಕೊಡುವ ಹಣದಲ್ಲಿ ಕುಳಿತು ಉಣ್ಣುವುದು ನಮ್ಮ ಜಿಲ್ಲೆಗೆ ಹೊಸತಲ್ಲ. ಮೂಲಗೇಣಿ, ಚಾಲಗೇಣಿ ಎಂದು ಮುಡಿ ಲೆಕ್ಕದಲ್ಲಿ ಅಕ್ಕಿ ಅಳೆಸಿಕೊಳ್ಳುತ್ತಿದ್ದ ಮನೆಗಳು ಎಷ್ಟೋ ಇದ್ದವು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ಆ ಗೇಣಿ ನಿಂತಿತು. ಗೇಣಿಯೊಂದನ್ನೇ ನಂಬಿದ್ದ ಮನೆಗಳು ಕಂಗಾಲಾದವು. ಮನೆಯ ಒಬ್ಬನಾದರೂ ಬ್ಯಾಂಕಿಗೋ ಶಾಲೆಗೋ ಮುಂಬಯಿಯ ಹೋಟೆಲಿಗೋ ಹೋಗಿದ್ದಲ್ಲಿ ಹೇಗೋ ಸುಧಾರಿಸಿಕೊಂಡವು. ನಿಮ್ಮಲ್ಲಿ ಅನೇಕರು ಆಗ ಡಿಕ್ಲರೇಶನ್ ಕೊಟ್ಟು ಗದ್ದೆ ಪಡೆದವರ ಮಕ್ಕಳು. ಗೇಣಿ ಹೊತ್ತುಕೊಂಡು ಹೋಗಿ ಅಳೆದವರ ಮೊಮ್ಮಗ ಈಗ ಬಾಡಿಗೆ ಎಣಿಸುವ ಧಣಿಯಾಗಲು ಹೊರಟಿದ್ದಾನೆ! ಅದರಲ್ಲಿ ತಪ್ಪೇನೂ ಇಲ್ಲ. ಬರುವ ಹಣ ಒಂದೇ ಕಡೆಯದಾದರೆ ಅದು ಒಂದೇ ದಿನ ನಿಲ್ಲಲೂಬಹುದು ಎಂಬುದನ್ನು ಮಾತ್ರ ಅವನಿಗೆ ಹೇಳಬೇಕಾಗಿದೆ.

ಮಣಿಪಾಲವನ್ನೇ ನೋಡಿ. ಹುಲ್ಲು ಬೆಳೆಯುತ್ತಿದ್ದ ಮುರಕಲ್ಲಿನ ಗುಡ್ಡ ಅದು. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದರು; 1957ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿಯೂ ಅಲ್ಲಿಯೇ ಇತ್ತು. ವಿದ್ಯಾರ್ಥಿಗಳು, ಆಸ್ಪತ್ರೆಯವರು, ಬ್ಯಾಂಕಿನವರು ಎಂದು ಬಾಡಿಗೆದಾರರಿಗೆ ಬರವೇ ಇರಲಿಲ್ಲ. ಆದರೆ 2020ರ ಮಾರ್ಚ್ 25ರಂದು ದೇಶವಿಡೀ ಲಾಕ್‌ಡೌನ್ ಆರಂಭವಾಯಿತು. ಹುಡುಗರು ಊರಿಗೆ ಹೋದರು, ಪಾಠ ಮೊಬೈಲಿನಲ್ಲಿ ನಡೆಯಿತು, ಕೋಣೆಗಳಿಗೆ ಬೀಗ ಬಿತ್ತು. ಅದಾಗಿ ವಾರದೊಳಗೆ, ಏಪ್ರಿಲ್ 1ಕ್ಕೆ, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಪ್ರಧಾನ ಕಚೇರಿ ಎಂಬ ಹೆಸರೂ ಆ ಗುಡ್ಡದಿಂದ ಹೋಯಿತು. ಸಾಲದ ಕಂತು ಕಟ್ಟುವುದಕ್ಕೆ ರಿಸರ್ವ್ ಬ್ಯಾಂಕು ಆಗಸ್ಟ್ ತಿಂಗಳವರೆಗೆ ಬಿಡುವು ಕೊಡಿಸಿತಾದರೂ ಆ ತಿಂಗಳುಗಳ ಬಡ್ಡಿ ಮನ್ನಾ ಆಗಲಿಲ್ಲ, ಸಾಲಕ್ಕೆ ಸೇರಿತು. ಸಂಬಳವಿದ್ದ ಮಾಲಿಕ ತಡೆದುಕೊಂಡ. ಬಾಡಿಗೆಯಲ್ಲೇ ಕಂತನ್ನೂ ಊಟವನ್ನೂ ನಡೆಸಬೇಕಾಗಿದ್ದವನ ಕಷ್ಟ ಬೇರೆ. ಈಗ ಮಣಿಪಾಲದಲ್ಲಿ ಮತ್ತೆ ಜನ ತುಂಬಿದ್ದಾರೆ, ನಿಜ. ಆ ವರ್ಷವನ್ನು ಮರೆಯದೆ ಲೆಕ್ಕ ಹಾಕಿದರಾಯಿತು.

ಮೂರು ಮನೆಗಳ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕ ತಿಳಿಯುವುದಕ್ಕಾಗಿ ಹಿಡಿದವು. ನಿಮ್ಮ ಊರಿನ ದರ ಹಾಕಿ ನೀವೇ ಮತ್ತೊಮ್ಮೆ ಮಾಡಿ ನೋಡಬೇಕು.

ಜಾಗ, ಕಟ್ಟಡ ಎಲ್ಲ ಸೇರಿ 40 ಲಕ್ಷ ರೂಪಾಯಿಗೆ ಮೂರು ಸಣ್ಣ ಮನೆಗಳಾದವು ಎಂದಿರಲಿ. ಅರ್ಧ ಹಣ ಗದ್ದೆ ಮಾರಿದ್ದು, ಉಳಿದ 20 ಲಕ್ಷ ಸಾಲ. ಒಂದೊಂದು ಮನೆಗೆ ತಿಂಗಳಿಗೆ 8,000 ಬಾಡಿಗೆಯಂತೆ 24,000, ವರ್ಷಕ್ಕೆ 2,88,000. ಮಗ ಹೇಳುವ ಲೆಕ್ಕ ಇಲ್ಲಿಗೇ ಮುಗಿಯುತ್ತದೆ. ನೀವು ಮುಂದುವರಿಸಿ. ಒಬ್ಬ ಬಿಟ್ಟು ಇನ್ನೊಬ್ಬ ಬರುವ ನಡುವೆ ಪ್ರತಿ ಮನೆ ವರ್ಷಕ್ಕೆ ಒಂದೂವರೆ ತಿಂಗಳು ಖಾಲಿ ಬಿತ್ತೆಂದರೆ 36,000 ಹೋಯಿತು. ಸುಣ್ಣಬಣ್ಣ, ಪಂಪು, ನಲ್ಲಿ, ತೆರಿಗೆ, ಸೋರುವ ತಾರಸಿ ಎಂದು 35,000 ಇಡಿ. ನಮ್ಮ ಮಳೆಗೆ ಇದು ಹೆಚ್ಚಲ್ಲ. ಉಳಿದದ್ದು 2,17,000. ಇನ್ನು ಸಾಲ: ಶೇಕಡಾ 9ರ ಬಡ್ಡಿ, 15 ವರ್ಷದ ಅವಧಿಯಾದರೆ ತಿಂಗಳ ಕಂತು ಸುಮಾರು 20,300, ವರ್ಷಕ್ಕೆ ಸುಮಾರು 2,43,000. ಅಂದರೆ ವರ್ಷಕ್ಕೆ ಸುಮಾರು 26,000 ರೂಪಾಯಿ ಕೈಯಿಂದ ಹಾಕಬೇಕು. ಗದ್ದೆ ಹೋಯಿತು, ಸಂಬಳವೂ ಇಲ್ಲ. ಈ 26,000 ಎಲ್ಲಿಂದ? ಮನೆಖರ್ಚು ಎಲ್ಲಿಂದ?

ಸಾಲವೇ ಇಲ್ಲದಿದ್ದರೆ? ಆಗ ಒಂದು ಮನೆಯಿಂದ ತಿಂಗಳಿಗೆ ಸರಾಸರಿ 6,000 ರೂಪಾಯಿ ಕೈಗೆ ಸಿಗುತ್ತದೆ. ಮಗನ ಸಂಬಳ 50,000 ಇದ್ದರೆ ಅದಕ್ಕೆ ಸಮನಾಗಲು ಋಣವಿಲ್ಲದ ಎಂಟೊಂಬತ್ತು ಮನೆಗಳು ಬೇಕು. ಮೂರಲ್ಲ.

ಇಷ್ಟು ಓದಿ “ಹಾಗಾದರೆ ಬೇಡ” ಎನ್ನಬೇಡಿ. ಲೆಕ್ಕದಲ್ಲಿ ಒಂದು ಅನುಕೂಲವೂ ಇದೆ. ಬಾಡಿಗೆ ಕಾಲಕಾಲಕ್ಕೆ ಏರುತ್ತದೆ, ಕಂತು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬಡ್ಡಿ ದರ ಏರಿಳಿದಾಗ ಮಾತ್ರ ವ್ಯತ್ಯಾಸ. ಹದಿನೈದು ವರ್ಷ ಕಳೆದರೆ ಮನೆ ಪೂರ್ತಿ ನಿಮ್ಮದು. ಈ ಕೆಲಸ ಅಡಿಕೆ ಸಸಿ ನೆಟ್ಟ ಹಾಗೆ. ಫಲ ಬರುವವರೆಗೆ ನಡುವೆ ಬಾಳೆ ಇರಬೇಕು. ಇಲ್ಲಿ ಮಗನ ಸಂಬಳವೇ ಆ ಬಾಳೆ.

ಇದರಲ್ಲಿ ಹಲವರು ಗಮನಿಸದ ಸಂಗತಿ ಒಂದಿದೆ. ಬ್ಯಾಂಕು ಗೃಹಸಾಲ ಕೊಡುವಾಗ ಮೊದಲು ಕೇಳುವುದು ಸಂಬಳದ ಚೀಟಿಯನ್ನು. ರಾಜೀನಾಮೆ ಕೊಟ್ಟ ಮರುದಿನ ಅದೇ ಮನುಷ್ಯ ಹೋದರೆ ಅಷ್ಟು ಸುಲಭದಲ್ಲಿ ಸಾಲ ಸಿಗುವುದಿಲ್ಲ. ಆದುದರಿಂದ ನೌಕರಿಯಲ್ಲಿರುವಾಗಲೇ ಒಂದು ಮನೆ ಮಾಡಬೇಕು. ಅದರ ಸಾಲ ಅರ್ಧವಾದರೂ ಇಳಿದ ಮೇಲೆ ಎರಡನೆಯದು. ನೌಕರಿ ಬಿಡುವುದು ಕೊನೆಯ ಕೆಲಸ. ಎರಡು ವರ್ಷ ಸಂಬಳ ಮುಟ್ಟದೆ, ನಿವ್ವಳ ಬಾಡಿಗೆಯಲ್ಲೇ ಸಂಸಾರ ನಡೆಸಿ ನೋಡಲಿ. ಮಕ್ಕಳ ಶಾಲೆಯ ಶುಲ್ಕ, ಒಂದು ಮದುವೆಯ ಉಡುಗೊರೆ, ಒಂದು ಆಸ್ಪತ್ರೆಯ ಬಿಲ್ಲು ಎಲ್ಲ ಬಂದು ಹೋಗಲಿ. ನಡೆಯಿತೆಂದರೆ ಆಗ ನಿಶ್ಚಯಿಸಬಹುದು.

ಬಿಡುವ ರೀತಿಯೂ ಮುಖ್ಯ. 2000-01ರಲ್ಲಿ ಸರಕಾರಿ ಬ್ಯಾಂಕುಗಳಲ್ಲಿ ಸ್ವಯಂನಿವೃತ್ತಿ ಯೋಜನೆ ಬಂದಾಗ ದೇಶದಲ್ಲಿ ಲಕ್ಷಕ್ಕೂ ಮೀರಿದ ನೌಕರರು ಇಡುಗಂಟು ಪಡೆದು ಹೊರಬಂದರು. ಬ್ಯಾಂಕುಗಳ ತವರೆನಿಸಿದ ನಮ್ಮ ಜಿಲ್ಲೆಯವರೂ ಅವರಲ್ಲಿದ್ದರು. ಈಗ ಅಂಥ ಕೊಡುಗೆ ಇಲ್ಲ. ಬ್ಯಾಂಕಿನ 1995ರ ಹಳೆಯ ಪಿಂಚಣಿ ನಿಯಮಕ್ಕೆ ಒಳಪಟ್ಟವರಾದರೆ 20 ವರ್ಷ ಸೇವೆ ಪೂರೈಸಿ ಸ್ವಯಂನಿವೃತ್ತಿ ಕೇಳಬಹುದು, ಪಿಂಚಣಿ ಬರುತ್ತದೆ. ಅದೇ ಮನುಷ್ಯ ಬರಿಯ ರಾಜೀನಾಮೆ ಬರೆದುಕೊಟ್ಟರೆ ಹಿಂದಿನ ಸೇವೆ ಪಿಂಚಣಿಗೆ ಲೆಕ್ಕಕ್ಕಿಲ್ಲ. ಅವಸರದಲ್ಲಿ ಒಂದು ಶಬ್ದ ತಪ್ಪಿ ಬರೆದರೆ ಬದುಕಿಡೀ ಬರಬೇಕಾದ ಹಣ ಹೋದೀತು. ಮಗ ಹತ್ತೊಂಬತ್ತನೆಯ ವರ್ಷದಲ್ಲಿದ್ದರೆ ಇನ್ನೊಂದು ವರ್ಷ ಇರು ಎಂದು ಕೈಮುಗಿದಾದರೂ ಹೇಳಿ.

ಎಲ್ಲಿ ಯಾರು ಬಾಡಿಗೆಗೆ ಬರುತ್ತಾರೆ?

ಮಣಿಪಾಲದಲ್ಲಿ ಬಾಡಿಗೆ ಹೆಚ್ಚು, ಆದರೆ ಬಾಡಿಗೆದಾರ ಬೇಗ ಬದಲಾಗುತ್ತಾನೆ. ಪ್ರತಿ ಸಲವೂ ಬಣ್ಣ, ರಿಪೇರಿ. ಹೊರದೇಶದ ವಿದ್ಯಾರ್ಥಿ ಬಂದರೆ 24 ಗಂಟೆಯೊಳಗೆ ಅಧಿಕಾರಿಗಳಿಗೆ ವಿವರ ಸಲ್ಲಿಸುವ ಹೊಣೆ ಮನೆಯ ಮಾಲಿಕನದು. ಉಡುಪಿ ಪೇಟೆಯ ಸುತ್ತ ಸಂಸಾರಸ್ಥರು ಸಿಗುತ್ತಾರೆ. ಬಾಡಿಗೆ ಸ್ವಲ್ಪ ಕಡಿಮೆಯಾದರೂ ಮಕ್ಕಳ ಶಾಲೆ ಮುಗಿಯುವ ತನಕ ಕದಲುವುದಿಲ್ಲ. ಕಾರ್ಕಳದ ಕಡೆಯಲ್ಲಿ 1986ರಿಂದ ನಿಟ್ಟೆಯ ಇಂಜಿನಿಯರಿಂಗ್ ಕಾಲೇಜಿನ ಹುಡುಗರಿದ್ದಾರೆ. ಪೇಟೆಯಲ್ಲಿ ಅಂಗಡಿ ಕೋಣೆಗಳಿಗೂ ಬೇಡಿಕೆಯುಂಟು. ಕಾಪು ತಾಲೂಕಿನ ಎಲ್ಲೂರು-ನಂದಿಕೂರಿನಲ್ಲಿ 1,200 ಮೆಗಾವಾಟಿನ ವಿದ್ಯುತ್ ಸ್ಥಾವರವಿದೆ. ಇಂಥ ಕಡೆ ಕಟ್ಟುವ ಕಾಲಕ್ಕೆ ಬರುವ ಜನ ಹೆಚ್ಚು, ನಡೆಸುವ ಕಾಲಕ್ಕೆ ಉಳಿಯುವವರು ಕಡಿಮೆ ಎಂಬುದನ್ನು ತಿಳಿದು ಕೈಹಾಕಬೇಕು. ಕಾಪುವಿನ ಕಡಲ ಬದಿಯಲ್ಲಿ ಪ್ರವಾಸಿಗಳಿಗಾಗಿ ಕಟ್ಟುವ ಆಸೆಯಾದರೆ ಕರಾವಳಿ ನಿಯಂತ್ರಣ ವಲಯದ ಗಡಿಯನ್ನು ಮೊದಲು ವಿಚಾರಿಸಿ. ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ, ಆ ಖರ್ಚೂ ನಿಮ್ಮದೇ.

ನನ್ನ ಅಭಿಪ್ರಾಯ ಕೇಳಿದರೆ ಮೂರು ಮನೆ ಒಂದೇ ಬೀದಿಯಲ್ಲಿ ಬೇಡ. ಎರಡು ಕಡೆ, ಎರಡು ಬಗೆಯ ಬಾಡಿಗೆದಾರರು ಇರಲಿ.

ಮಟ್ಟುವಿನ ಗುಳ್ಳ ಬೆಳೆಯುವ ಗದ್ದೆಯನ್ನೋ, ಶಂಕರಪುರದ ಮಲ್ಲಿಗೆ ಗಿಡಗಳ ಹಿತ್ತಿಲನ್ನೋ ಕಡಿದು ಕೋಣೆ ಕಟ್ಟಲು ಹೊರಟವರಿದ್ದರೆ ಒಂದು ಮಾತು. ಮಲ್ಲಿಗೆಯ ಅಟ್ಟೆಗೆ ದಿನಕ್ಕೊಂದು ದರ, ಒಪ್ಪುತ್ತೇನೆ. ಆದರೆ ಕೆಲವೇ ಸೆಂಟ್ಸ್ ಜಾಗ ಮದುವೆಯ ಕಾಲದಲ್ಲಿ ಕೊಡುವ ಹಣವನ್ನು ವರ್ಷವಿಡೀ ಬರೆದಿಟ್ಟು, ಮೇಲಿನ 6,000ದೊಂದಿಗೆ ಹೋಲಿಸಿ ನೋಡಿ. ಕಟ್ಟುವುದಿದ್ದರೆ ರಸ್ತೆ ಬದಿಯ ಬೆಟ್ಟು ಜಾಗದಲ್ಲಿ ಕಟ್ಟಿ. ಬೈಲಿನ ಗದ್ದೆ ಮಳೆನೀರು ನಿಲ್ಲುವ ಜಾಗ, ಮಣ್ಣು ತುಂಬಿ ಕಟ್ಟಿದ ಮನೆಗೂ ನೆರೆಯ ಮನೆಗೂ ಅದರಿಂದ ಉಪದ್ರವವೇ.

ಕಾಗದಪತ್ರ ಮತ್ತು ತೆರಿಗೆ

ಕಟ್ಟುವ ಜಾಗ ಕೃಷಿಭೂಮಿಯಾದರೆ ಭೂಪರಿವರ್ತನೆ ಆಗಬೇಕು. ಪಂಚಾಯತಿಯ 9/11 ನಮೂನೆ ಇಲ್ಲದೆ ಬ್ಯಾಂಕಿನವರು ಮುಂದೆ ಮಾತಾಡುವುದಿಲ್ಲ. ವರ್ಗ ಜಾಗದ ಅಂಚಿಗಿರುವ ಕುಮ್ಕಿ ಸರಕಾರದ್ದು. ಸೊಪ್ಪು ತರುವ ಹಕ್ಕು ಇತ್ತೆಂದು ಅಲ್ಲಿ ಗೋಡೆ ಎಬ್ಬಿಸಬಾರದು. ಕೊಳ್ಳುವ ಜಾಗ ಹಿಂದೆ ದರಖಾಸ್ತಿನಲ್ಲಿ ಸಿಕ್ಕಿದ್ದೋ, ಅವಿಭಕ್ತ ಕುಟುಂಬದ್ದೋ ಎಂಬುದನ್ನು ವಕೀಲರಿಗೆ ತೋರಿಸಿಯೇ ಮುಂಗಡ ಕೊಡಿ.

ಬಾಡಿಗೆ ಕರಾರನ್ನು ಬಾಯಿಮಾತಿಗೆ ಬಿಡಬೇಡಿ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಬೇಕು; ಅದಕ್ಕಾಗಿಯೇ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿದೆ. ಠೇವಣಿ ಎಷ್ಟು, ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು, ಕರೆಂಟು ಬಿಲ್ಲು ಯಾರದು ಎಂಬುದೆಲ್ಲ ಬರೆದಿರಲಿ. ಬಾಡಿಗೆದಾರನ ಠೇವಣಿ ನಿಮ್ಮ ಆದಾಯವಲ್ಲ. ಅದನ್ನು ಮಗಳ ಬಾಣಂತನಕ್ಕೆ ಖರ್ಚು ಮಾಡಿ ಆಮೇಲೆ ಹಿಂದೆ ಕೊಡಲು ಪರದಾಡುವುದು ಬೇಡ.

ಅಡಿಕೆ, ಭತ್ತದ ಹುಟ್ಟುವಳಿಗೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಬಾಡಿಗೆಗೆ ಇದೆ. ಕಟ್ಟಿದ ಮನೆತೆರಿಗೆಯನ್ನು ಕಳೆದು, ಉಳಿದದ್ದರಲ್ಲಿ ಶೇಕಡಾ 30ನ್ನು ರಿಪೇರಿ ಮುಂತಾದವುಗಳ ಬಾಬ್ತು ಬಿಡುತ್ತಾರೆ. ಬಾಡಿಗೆಗೆ ಕೊಟ್ಟ ಮನೆಯ ಸಾಲದ ಬಡ್ಡಿಯನ್ನೂ ಕಳೆಯಬಹುದು. ಮಿಕ್ಕಿದ್ದು ಬೇರೆ ಆದಾಯಕ್ಕೆ ಸೇರುತ್ತದೆ. ನಗರಕ್ಕೆ ಸಮೀಪದ ಗದ್ದೆ ಮಾರಿದರೆ ಲಾಭದ ಮೇಲೂ ತೆರಿಗೆ ಬೀಳಬಹುದಾದ್ದರಿಂದ ಆ ಬಗ್ಗೆ ಮೊದಲೇ ಕೇಳಿಕೊಳ್ಳಿ.

ಇನ್ನು ನೀರು. ಇದನ್ನು ನಿಮಗೆ ವಿವರಿಸಬೇಕಾಗಿಲ್ಲ, ಆದರೆ ನಗರದಲ್ಲಿ ನೌಕರಿ ಮಾಡುವ ಮಗ ಮರೆತಿರುತ್ತಾನೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯಲ್ಲಿ ನೀರು ಬತ್ತಿ ಉಡುಪಿ, ಮಣಿಪಾಲದವರು ಟ್ಯಾಂಕರಿಗೆ ಕಾಯಬೇಕಾಯಿತು. ಟ್ಯಾಂಕರಿನ ಹಣ ಕೊಡಲಾರದ ಮಾಲಿಕನ ಮನೆಯನ್ನು ಬಾಡಿಗೆದಾರ ಜೂನ್ ಒಳಗೆ ಬಿಟ್ಟಾನು. ಆದುದರಿಂದ ಜಾಗ ನೋಡಲು ಮಗನೊಡನೆ ನೀವೂ ಹೋಗಿ, ಸೋಣದಲ್ಲಿ ಬಾವಿ ತುಂಬಿರುವಾಗ ಅಲ್ಲ, ಏಪ್ರಿಲ್ ಕೊನೆಗೆ. ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಸಿ, ಒದ್ದೆಯಾದಷ್ಟು ಉದ್ದವನ್ನು ಅಳೆದು ಬರೆದುಕೊಳ್ಳಿ. ಬೆಲೆಯ ಮಾತು ಅದಾದ ಮೇಲೆ ಆಡಬಹುದು.