ಹೊಡೆಯುವ ಬೇಲಿ, ಕೊಲ್ಲುವ ತಂತಿ



ಬೆಂಗಳೂರಿನ ಬನಶಂಕರಿ, ಜೆ.ಪಿ. ನಗರಗಳನ್ನು ದಾಟಿ ಕನಕಪುರ ರಸ್ತೆಯಲ್ಲಿ ಕಗ್ಗಲೀಪುರದ ಕಡೆ ಸಾಗಿದರೆ ಬನ್ನೇರುಘಟ್ಟ ಕಾಡಿನ ಅಂಚಿನ ಹೊಲಗಳು ಸಿಗುತ್ತವೆ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಕಾಡಿನಿಂದ ಆನೆ, ಕಾಡುಹಂದಿಗಳು ರಾಗಿ ತೆನೆ ಕಟ್ಟುವ ಹೊತ್ತಿಗೆ ಹೊಲಕ್ಕಿಳಿಯುವುದು ಅಲ್ಲಿಯವರಿಗೆ ಹೊಸದಲ್ಲ. ನಾಲ್ಕು ತಿಂಗಳ ದುಡಿಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾದಾಗ, ಲೈನಿನಿಂದ ಒಂದು ವೈರು ಎಳೆದು ಬೇಲಿಗೆ ಕಟ್ಟಿಬಿಡೋಣ ಎನಿಸುವುದುಂಟು. ನಮ್ಮ ರಾಜ್ಯದಲ್ಲಿ ಇಂತಹ ಬೇಲಿಗಳಿಗೆ ಆನೆಗಳಷ್ಟೇ ಅಲ್ಲ, ರಾತ್ರಿ ಹೊಲಕ್ಕೆ ನೀರು ಕಟ್ಟಲು ಹೋದ ರೈತರೂ ಬಲಿಯಾಗಿದ್ದಾರೆ.

ಸೋಲಾರ್ ಬೇಲಿಯಲ್ಲಿಯೂ ಹರಿಯುವುದು ವಿದ್ಯುತ್ತೇ. ಅದೂ 230 ವೋಲ್ಟ್ ಅಲ್ಲ, ಐದರಿಂದ ಎಂಟು ಸಾವಿರ ವೋಲ್ಟ್! ಆದರೂ ಮುಟ್ಟಿದ ಪ್ರಾಣಿ ಬೆಚ್ಚಿ ಓಡುತ್ತದೆಯೇ ಹೊರತು ಸಾಯುವುದಿಲ್ಲ. ಇದು ಹೇಗೆಂದು ತಿಳಿಯಬೇಕಾದರೆ ಬೇಲಿಯ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂದು ನೋಡಬೇಕು.

ತೊಟ್ಟಿ ಮತ್ತು ತೂಬು

ಸೋಲಾರ್ ಹಲಗೆ ಹಗಲಿನಲ್ಲಿ 12 ವೋಲ್ಟಿನ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಪೆಟ್ಟಿಗೆಯ ಮೊದಲ ಭಾಗವು ಈ 12 ವೋಲ್ಟನ್ನು ಸುಮಾರು 400 ವೋಲ್ಟಿಗೆ ಏರಿಸಿ ಒಂದು ಕಂಡೆನ್ಸರ್‌ಗೆ ತುಂಬುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ನೀವು ಕಂಡಿರುವ ಕಂಡೆನ್ಸರ್‌ನ ಜಾತಿಯೇ ಇದು. ಸಣ್ಣ ಧಾರೆಯಿಂದ ತುಂಬುವ ತೊಟ್ಟಿ ಇದೆಂದು ತಿಳಿಯಿರಿ.

ತೊಟ್ಟಿಗೆ ತೂಬಿನಂತಿರುವುದು ಎಸ್.ಸಿ.ಆರ್. ಎಂಬ ಬಿಡಿಭಾಗ. ಇದಕ್ಕೆ ಒಂದು ಸಣ್ಣ ಮಿಡಿತದ ಸನ್ನೆ ಸಿಕ್ಕೊಡನೆ ತೂಬು ತೆರೆಯುತ್ತದೆ. ತುಂಬಿದ್ದ ವಿದ್ಯುತ್ತೆಲ್ಲ ಒಮ್ಮೆಗೇ ಟ್ರಾನ್ಸ್‌ಫಾರ್ಮರ್‌ಗೆ ನುಗ್ಗಿ, ಸಾವಿರಾರು ವೋಲ್ಟಾಗಿ ಬೇಲಿಗೆ ಹೋಗುತ್ತದೆ. ಕಂಡೆನ್ಸರ್ ಬರಿದಾದಾಗ ತೂಬು ತಾನೇ ಮುಚ್ಚಿಕೊಳ್ಳುತ್ತದೆ. ಇದೆಲ್ಲ ಮುಗಿಯುವುದು ಸೆಕೆಂಡಿನ ಒಂದು ಸಣ್ಣ ಅಂಶದಲ್ಲಿ.

ಸನ್ನೆ ಕೊಡುವವರು ಯಾರು? ಅದಕ್ಕೊಂದು ಟೈಮರ್ ಇದೆ. 1972ರಲ್ಲಿ ಅಮೆರಿಕದ ಸಿಗ್ನೆಟಿಕ್ಸ್ ಕಂಪನಿ ಮಾರುಕಟ್ಟೆಗೆ ತಂದ 555 ಎಂಬ ಐ.ಸಿ. ಈ ಕೆಲಸಕ್ಕೆ ಹೆಸರಾದುದು. ಅದರ ಪಕ್ಕದಲ್ಲಿ ಇನ್ನೊಂದು ಪುಟ್ಟ ಕಂಡೆನ್ಸರ್ ಇರುತ್ತದೆ. 12 ವೋಲ್ಟಿನಲ್ಲಿ ನಡೆಯುವಾಗ ಅದು 8 ವೋಲ್ಟಿನವರೆಗೆ ತುಂಬಿ, 4 ವೋಲ್ಟಿಗೆ ಇಳಿದು, ಮತ್ತೆ ತುಂಬುತ್ತದೆ. ಪ್ರತಿ ಸುತ್ತಿಗೆ ಒಂದು ಮಿಡಿತ. ತುಂಬುವ ದಾರಿಯಲ್ಲಿರುವ ರೆಸಿಸ್ಟರ್ ಹೆಚ್ಚಿದಷ್ಟೂ ಮಿಡಿತ ನಿಧಾನ. 10 ಮತ್ತು 82 ಕಿಲೋ ಓಮ್‌ನ ಎರಡು ರೆಸಿಸ್ಟರ್, 10 ಮೈಕ್ರೋಫ್ಯಾರಡ್‌ನ ಕಂಡೆನ್ಸರ್ ಇದ್ದರೆ ಸುಮಾರು 1.2 ಸೆಕೆಂಡಿಗೊಂದು ಮಿಡಿತ, ಎಂದರೆ ನಿಮಿಷಕ್ಕೆ 50.

ಜೀವ ಉಳಿಸುವ ಬಿಡುವು

ಲೈನಿನ ವಿದ್ಯುತ್ತಿಗೆ ಬಿಡುವಿಲ್ಲ. ಅದನ್ನು ಹಿಡಿದ ಕೈಯ ಸ್ನಾಯುಗಳು ಬಿಗಿದುಕೊಂಡು ತಂತಿ ಬಿಡಲಾಗದು. ಒದ್ದೆ ಮೈಯಲ್ಲಿ ನೂರು ಮಿಲಿಆಂಪಿಯರಿಗೂ ಹೆಚ್ಚು ಹರಿದು ಎದೆಬಡಿತವನ್ನೇ ಕೆಡಿಸಬಹುದು. ಸೋಲಾರ್ ಬೇಲಿ ಒಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ. ಆ ಬಿಡುವಿನಲ್ಲಿ ಮನುಷ್ಯನಾಗಲಿ ಪ್ರಾಣಿಯಾಗಲಿ ತಪ್ಪಿಸಿಕೊಳ್ಳುತ್ತದೆ. ಪೆಟ್ಟಿನ ಶಕ್ತಿಗೂ ಮಿತಿಯಿದೆ. 20 ಮೈಕ್ರೋಫ್ಯಾರಡ್‌ನ ಕಂಡೆನ್ಸರ್ 400 ವೋಲ್ಟಿನಲ್ಲಿ ಹಿಡಿಯುವುದು 1.6 ಜೂಲ್ ಮಾತ್ರ. ಐ.ಇ.ಸಿ. 60335-2-76 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಪೆಟ್ಟು 5 ಜೂಲ್ ಮೀರಬಾರದು, ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಮಿಡಿತ ಇರಬಾರದು.

ಆದುದರಿಂದ ಪೆಟ್ಟಿಗೆಯ ಟಿಕ್ ಟಿಕ್ ಸದ್ದನ್ನು ಗಡಿಯಾರ ಹಿಡಿದು ಎಣಿಸಿ. ನಿಮಿಷಕ್ಕೆ 60 ದಾಟಿದರೆ ಟೈಮರ್ ಕೆಟ್ಟಿದೆ. ಕೂಡಲೇ ಬೇಲಿಯನ್ನು ಬಿಚ್ಚಿ ರಿಪೇರಿಗೆ ಕೊಡಿ. ಸದ್ದೇ ಇಲ್ಲದಿದ್ದರೆ ಮೊದಲು ಬ್ಯಾಟರಿ ನೋಡಿ. ಪೆಟ್ಟಿಗೆಯನ್ನು ನೀವೇ ತೆರೆಯಬೇಡಿ. ಸ್ವಿಚ್ ತೆಗೆದ ಮೇಲೂ ಕಂಡೆನ್ಸರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ.

ನೆನಪಿಡಬೇಕಾದ ಅಂಶಗಳು

1. ಟಿಕ್ ಸದ್ದಿದ್ದೂ ಬೇಲಿ ಹೊಡೆಯದಿದ್ದರೆ ಅರ್ತಿಂಗ್ ಪರೀಕ್ಷಿಸಿ. ಆರು ಅಡಿಯ ಮೂರು ಸಲಾಕೆಗಳನ್ನು ಹತ್ತು ಅಡಿಗೊಂದರಂತೆ ತೇವವಿರುವ ಕಡೆ ನೆಡಿ. ಬೇಸಿಗೆಯಲ್ಲಿ ಒಣಗಿದ ಕೆಮ್ಮಣ್ಣಿಗೆ ಆಗಾಗ ನೀರು ಹಾಕಿ.

2. ಮನೆ, ಪಂಪ್‌ಸೆಟ್ಟುಗಳ ಅರ್ತಿಂಗಿನಿಂದ ಈ ಸಲಾಕೆಗಳು 10 ಮೀಟರ್ ದೂರವಿರಲಿ.

3. ತಂತಿಗೆ ತಾಗುವ ಕಳೆ, ಬಳ್ಳಿಗಳನ್ನು ಸವರಿ. ಅವುಗಳ ಮೂಲಕ ಪೆಟ್ಟಿನ ಬಲ ಸೋರಿಹೋಗುತ್ತದೆ.

4. ಮುಳ್ಳುತಂತಿಗೆ ಈ ವಿದ್ಯುತ್ ಕೊಡಬೇಡಿ. ಸಿಕ್ಕಿಕೊಂಡ ಜೀವಕ್ಕೆ ಬಿಡುವು ಸಿಕ್ಕಿಯೂ ಪ್ರಯೋಜನವಿಲ್ಲ.

5. ಒಂದು ಬೇಲಿಗೆ ಒಂದೇ ಪೆಟ್ಟಿಗೆ. ಎರಡಿದ್ದರೆ ಒಂದರ ಬಿಡುವಿನಲ್ಲಿ ಇನ್ನೊಂದು ಹೊಡೆದೀತು.

6. ದಾರಿಯ ಬದಿಯಲ್ಲಿ ಎಚ್ಚರಿಕೆ ಹಲಗೆ ತಪ್ಪದೆ ಇರಲಿ. ಮಕ್ಕಳಿಗೆ ತಿಳಿಹೇಳಿ.

ಲೈನಿನಿಂದ ಬೇಲಿಗೆ ವೈರು ಎಳೆಯುವುದು ಅಪರಾಧ. 2003ರ ವಿದ್ಯುಚ್ಛಕ್ತಿ ಕಾಯ್ದೆಯಡಿ ಕಳ್ಳತನದ ಮೊಕದ್ದಮೆ, ಆನೆ ಸತ್ತರೆ 1972ರ ವನ್ಯಜೀವಿ ಕಾಯ್ದೆಯಡಿ ಜೈಲು. ಸತ್ತದ್ದು ನೆರೆಯವನಾದರೆ ಅಥವಾ ಮನೆಯ ಮಗನೇ ಆದರೆ, ಉಳಿದ ರಾಗಿಯಿಂದ ಆ ನಷ್ಟ ತುಂಬುವುದಿಲ್ಲ. ಸೋಲಾರ್ ಬೇಲಿ ಹಾಕಿಸುವ ಮುನ್ನ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಅಕ್ಕಪಕ್ಕದ ಹೊಲದವರು ಕೂಡಿ ಹಾಕಿಸಿಕೊಂಡರೆ ತಲೆಗೆ ಬೀಳುವ ಖರ್ಚೂ ಕಡಿಮೆಯಾಗುತ್ತದೆ.